ಪಡ್ರೆಯ ಸಂಶಯ, ತೈಲ ಕಂಪೆನಿಯ ಸಂಶಯ

ಕಾಸರಗೋಡಿನ ಹಳ್ಳಿಗಳಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಯಾರೇ ಮಾತಾಡಲಿ, ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಎಂಡೋಸಲ್ಫಾನಿನಿಂದ ಏನೂ ತೊಂದರೆ ಇಲ್ಲ ಅಂತ ಹೇಳಿದ್ದೂ ವಿಜ್ಞಾನಿಗಳೇ ಅಲ್ವಾ?’ ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಅವರಿಗೆ ಅದು ಪ್ರಶ್ನೆಯೇ ಅಲ್ಲ, ತೀರ್ಪು. ಭಾಷಣ ಮಾಡಿದವರು ಹೊರಗಿನವರಾದರೆ ಜನರಿಗೆ ವಿಜ್ಞಾನದ ಅರಿವಿಲ್ಲ ಎಂದು ಬೇಸರಪಟ್ಟುಕೊಂಡು ಹೋಗುತ್ತಾರೆ. ಊರಿನವರಾದರೆ ಸುಮ್ಮನಾಗುತ್ತಾರೆ, ಏಕೆಂದರೆ ಆ ಮಾತು ನಿಜ. ಹಾಗೆ ಹೇಳಿದವರಲ್ಲಿ ವಿಜ್ಞಾನಿಗಳಿದ್ದರು, ಅವರ ಹಿಂದೆ ಸಮಿತಿಗಳಿದ್ದವು, ಸಮಿತಿಗಳಿಗೆ ಸರಕಾರದ ಮೊಹರಿತ್ತು.

ಹಾಗಾಗಿ ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರೆ ಅದು ಈ ಪ್ರಶ್ನೆ ಕೇಳುವವರ ಪರ ನಿಲ್ಲುತ್ತದೆಯೇ ಎಂಬುದು ನನ್ನ ಅನುಮಾನ.

ಕತೆ ಹೀಗಿದೆ. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಎಂಬ ಸರಕಾರಿ ಸಂಸ್ಥೆ ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ಸುಮಾರು 4,700 ಹೆಕ್ಟೇರು ಗೇರುತೋಟ ಎಬ್ಬಿಸಿತ್ತು. ಗೇರು ಚಿಗುರಿ ಹೂಬಿಡುವಾಗ ರಸ ಹೀರಿ ಅದನ್ನು ಕರಟಿಸುವ ಕೀಟವೊಂದಿದೆ. ಅದನ್ನು ಟೀ ಸೊಳ್ಳೆ ಎನ್ನುತ್ತಾರೆ. ಹೆಸರಿಗೆ ಸೊಳ್ಳೆಯಾದರೂ ತಿಗಣೆಯ ಬಳಗದ್ದು. ಇದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮರದ ತಲೆಯ ಮೇಲೆ ಕೆಲವೇ ಮೀಟರ್ ಎತ್ತರದಿಂದ ಬಿಡಬೇಕಾದ ಮದ್ದು ಅದು. ಗುಡ್ಡ, ಕಣಿವೆ, ಮತ್ತೆ ಗುಡ್ಡ ಎಂಬಂತಿರುವ ಈ ನೆಲದಲ್ಲಿ ಹೆಲಿಕಾಪ್ಟರ್ ಅಷ್ಟು ತಗ್ಗಿ ಹಾರುವುದು ಸಾಧ್ಯವೇ ಇರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ಮನೆ, ಮನೆಯ ಹಿಂದಿನ ದರೆಯಲ್ಲಿ ನೀರಿನ ಸುರಂಗ, ಕೆಳಗೆ ತೋಡು ಮತ್ತು ಅಡಿಕೆ ತೋಟ. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕು. ನೀರಿನ ಮೂಲಗಳನ್ನು ಮುಚ್ಚಿಡಿ ಎಂಬ ಸೂಚನೆಯೂ ಇತ್ತಂತೆ. ಹರಿಯುವ ತೋಡನ್ನು ಯಾವುದರಿಂದ ಮುಚ್ಚುವುದು ಎಂದು ಸೂಚನೆ ಬರೆದವರು ಯೋಚಿಸಿರಲಿಲ್ಲ.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮೊದಲು ಗಮನಕ್ಕೆ ಬಂದದ್ದು ಕರುಗಳು. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಮದ್ದು ಸುರಿಯತೊಡಗಿದ ಆರಂಭದ ವರ್ಷಗಳಲ್ಲೇ ಪತ್ರಕರ್ತ ಶ್ರೀಪಡ್ರೆ ಬರೆದರು. ಅದಾಗಿ ಸುಮಾರು ಎರಡು ದಶಕ ಯಾರೂ ಕಿವಿಗೊಡಲಿಲ್ಲ. ಅದೇ ಊರಿನಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದು ವಿಚಿತ್ರ ಕಂಡರು. ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವೆಲ್ಲ ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಮನೆಗಳಲ್ಲಿ ಇರುವುದು ಅವರಿಗೆ ಸಹಜವೆನಿಸಲಿಲ್ಲ. ಅವರು ಮನೆ ಮನೆಯ ಲೆಕ್ಕ ಬರೆದಿಟ್ಟರು, ತನಿಖೆ ಮಾಡಿ ಎಂದು ಕೇಳಿದರು. ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಹೆಲಿಕಾಪ್ಟರಿಗೆ ತಡೆ ತಂದರು. ಇಲಾಖೆಯ ಒಳಗಿದ್ದುಕೊಂಡೇ ಹಾಗೆ ಮಾಡುವುದಕ್ಕೆ ಎಂಥ ಗಟ್ಟಿತನ ಬೇಕೆಂಬುದು ಸರಕಾರಿ ನೌಕರಿ ಮಾಡಿದವರಿಗೆ ಗೊತ್ತು.

2001ರಿಂದ ವರದಿಗಳ ಜಗಳ ಶುರುವಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತ, ಹಾಲುಗಳನ್ನು ಪರೀಕ್ಷಿಸಿ ವಿಷದ ಶೇಷ ಧಾರಾಳವಾಗಿದೆ ಎಂದಿತು. ಪ್ಲಾಂಟೇಷನ್ ಕಾರ್ಪೊರೇಷನ್ ತಾನೇ ಹಣ ಕೊಟ್ಟು ತಮಿಳುನಾಡಿನ ಸಂಸ್ಥೆಯೊಂದರಿಂದ ಪರೀಕ್ಷೆ ಮಾಡಿಸಿತು. ಅಲ್ಲಿ ನೀರಿನಲ್ಲೂ ರಕ್ತದಲ್ಲೂ ಏನೂ ಸಿಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಳಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಗೇರುಗುಡ್ಡದ ಬುಡದ ಊರಿನ ಮಕ್ಕಳನ್ನೂ ಮದ್ದು ಕಾಣದ ಇನ್ನೊಂದು ಊರಿನ ಮಕ್ಕಳನ್ನೂ ಹೋಲಿಸಿ 2002ರಲ್ಲಿ ವರದಿ ಕೊಟ್ಟರು. ಅದರ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು: 117 ಮಂದಿ ಶಾಲಾ ಹುಡುಗರು ಒಂದು ಕಡೆ, 90 ಮಂದಿ ಇನ್ನೊಂದು ಕಡೆ. ಗುಡ್ಡದ ಬುಡದ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿ ಮಟ್ಟ ಐದು ಪಟ್ಟು ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಇಷ್ಟಾದ ಮೇಲೂ ಕೇಂದ್ರ ಸರಕಾರದ ದುಬೆ ಸಮಿತಿ 2003ರಲ್ಲಿ, ಮಾಯಿ ಸಮಿತಿ 2004ರಲ್ಲಿ ಕಾಯಿಲೆಗಳಿಗೂ ಮದ್ದಿಗೂ ಸಂಬಂಧ ಸಾಬೀತಾಗಿಲ್ಲ ಎಂಬ ಕಡೆಗೇ ವಾಲಿದವು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಕೇರಳದಲ್ಲಿ ನಿಷೇಧ ಬಂತು. 2011ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಅದೇ ವಾರ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಎಂಡೋಸಲ್ಫಾನನ್ನು ಜಗತ್ತಿನಿಂದಲೇ ಹೊರಹಾಕುವ ಪಟ್ಟಿಗೆ ಸೇರಿಸಿದವು. ಕೊನೆಯ ತನಕ ವಿರೋಧಿಸಿದ್ದ ಭಾರತ ವಿನಾಯಿತಿಗಳನ್ನು ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶವಿಡೀ ತಡೆಯಿತು. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದಿತು. ಐದು ವರ್ಷ ಕಳೆದರೂ ಬಹುಪಾಲು ಮಂದಿಗೆ ಸಿಗದೆ 2022ರಲ್ಲಿ ಕೋರ್ಟು ಮತ್ತೆ ಗದರಬೇಕಾಯಿತು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕತೆಯೂ ಇದೇ. ಅಲ್ಲಿ ಸುರಿದದ್ದು ಕರ್ನಾಟಕದ ಗೇರು ನಿಗಮ.

ಇಲ್ಲೊಂದು ಅಹಿತಕರ ಮಾತನ್ನೂ ಹೇಳಬೇಕು. ಪಡನ್ನಕ್ಕಾಡಿನ ಕೃಷಿ ಕಾಲೇಜು ಸೇರಿದಂತೆ ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಲವು ವಿಜ್ಞಾನಿಗಳು ಈಗಲೂ ಈ ಅಧ್ಯಯನಗಳನ್ನು ಒಪ್ಪುವುದಿಲ್ಲ. ಹೋಲಿಕೆಗೆ ತೆಗೆದುಕೊಂಡ ಊರು ಸರಿಯಾದದ್ದಲ್ಲ, ಮದ್ದು ಸುರಿಯುವ ಮುಂಚಿನ ಕಾಯಿಲೆಯ ಲೆಕ್ಕವೇ ಇಲ್ಲ, ಸಂತ್ರಸ್ತರ ಪಟ್ಟಿಯಲ್ಲಿ ಎಲ್ಲ ಬಗೆಯ ರೋಗಿಗಳೂ ಸೇರಿದ್ದಾರೆ ಎಂಬುದು ಅವರ ವಾದ. ಊರಿನಲ್ಲಿ ಅವರ ಹೆಸರೆತ್ತಿದರೆ ಬೈಗುಳ ಬೀಳುತ್ತದೆ. ಆದರೆ ವಾದದಲ್ಲಿ ಹುರುಳಿಲ್ಲದಿಲ್ಲ. ಆರು ಸಾವಿರಕ್ಕೂ ಮಿಕ್ಕ ಹೆಸರುಗಳಿರುವ ಪಟ್ಟಿಯಲ್ಲಿ ಇಂಥವರ ಇಂಥ ಕಾಯಿಲೆ ಈ ಮದ್ದಿನಿಂದಲೇ ಬಂತು ಎಂದು ಒಬ್ಬೊಬ್ಬರ ಮಟ್ಟದಲ್ಲಿ ಸಾಧಿಸುವುದು ಯಾವ ವೈದ್ಯರಿಂದಲೂ ಆಗದು. ಮುಂಚಿನ ಲೆಕ್ಕ ಇಲ್ಲವೆಂಬುದೂ ಸತ್ಯ. ಆದರೆ ಲೆಕ್ಕ ಇಡಬೇಕಾಗಿದ್ದವರು ಯಾರು? ವಿಷ ಸುರಿಯುವವರು ಮೊದಲು ಜನರ ಆರೋಗ್ಯ ನೋಡಿಟ್ಟುಕೊಳ್ಳಬೇಕಿತ್ತು. ಇಡದ ಲೆಕ್ಕವನ್ನು ಆಮೇಲೆ ತಮ್ಮ ರಕ್ಷಣೆಗೆ ಬಳಸಿಕೊಳ್ಳುವುದು ನ್ಯಾಯವಲ್ಲ. ಅಲ್ಲದೆ ಜಿನೀವಾದ ನಿರ್ಧಾರ ಕಾಸರಗೋಡಿನ ಮಕ್ಕಳ ಮೇಲಷ್ಟೇ ನಿಂತದ್ದಲ್ಲ. ಮಣ್ಣಿನಲ್ಲಿ ಬೇಗ ಕರಗದೆ, ಕೊಬ್ಬಿನಲ್ಲಿ ಸೇರುತ್ತಾ, ಗಾಳಿಯಲ್ಲಿ ಸಾವಿರಾರು ಮೈಲು ಹೋಗಿ, ಒಂದು ಗೇರುಮರವೂ ಇಲ್ಲದ ಆರ್ಕ್ಟಿಕ್ ಹಿಮಸೀಮೆಯಲ್ಲೂ ಅದು ಸಿಕ್ಕಿತ್ತು. ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ತಲುಪಿದ್ದವು.

ಈಗ ಹಿಂದಿನ ಸಾಲಿನ ಪ್ರಶ್ನೆಗೆ ಬರೋಣ. ‘ವಿಜ್ಞಾನಿಗಳು ಹೇಳಿದ್ದರು’ ಎನ್ನುವಾಗ ಯಾವ ವಿಜ್ಞಾನಿಗಳು? ಎಂಡೋಸಲ್ಫಾನ್ ನಿರಪಾಯ ಎಂದು ಜಗತ್ತಿನ ವಿಜ್ಞಾನ ಯಾವತ್ತೂ ಒಮ್ಮತಕ್ಕೆ ಬಂದಿರಲಿಲ್ಲ. ಹಾಗೆ ಹೇಳಿದ್ದು ಸುರಿದ ಸಂಸ್ಥೆ, ಅದು ಹಣ ಕೊಟ್ಟು ಮಾಡಿಸಿದ ಪರೀಕ್ಷೆ, ಮತ್ತು ಕೀಟನಾಶಕ ಉದ್ಯಮಕ್ಕೆ ಹತ್ತಿರದವರಿದ್ದಾರೆಂಬ ಆಕ್ಷೇಪ ಹೊತ್ತ ಸಮಿತಿ. ಭಾರತ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ; ಕೊಚ್ಚಿಯ ಏಲೂರಿನಲ್ಲಿ ಕೇಂದ್ರ ಸರಕಾರದ್ದೇ ಕಾರ್ಖಾನೆ ಅದನ್ನು ಮಾಡುತ್ತಿತ್ತು. ಇವರ ಬಾಯಲ್ಲಿ ಬಂದ ಮಾತನ್ನು ಪಡ್ರೆ ಊರಿನವರು ನಂಬದೆ ಬಿಟ್ಟರು, ಅದು ಸರಿ. ಆದರೆ ಅವರು ನಂಬದೆ ಸುಮ್ಮನೆ ಮನೆಯಲ್ಲಿ ಕೂರಲೂ ಇಲ್ಲ. ಮನೆ ಮನೆಗೆ ಹೋಗಿ ಎಣಿಸಿದರು. ಮಾದರಿ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಒಂದು ವರದಿ ತಮ್ಮ ವಿರುದ್ಧ ಬಂದಾಗ ವಿಜ್ಞಾನವೇ ಸುಳ್ಳೆನ್ನದೆ ಇನ್ನೂ ಒಳ್ಳೆಯ ಪರೀಕ್ಷೆ ಬೇಕೆಂದರು. ಅವರನ್ನು ಕೊನೆಗೆ ಗೆಲ್ಲಿಸಿದ್ದು ಅಹಮದಾಬಾದಿನ ರಕ್ತಪರೀಕ್ಷೆ, ಆರ್ಕ್ಟಿಕ್‌ನ ಗಾಳಿಪರೀಕ್ಷೆ. ವಿಜ್ಞಾನದ ಮೇಲೆ ವಿಜ್ಞಾನದಿಂದಲೇ ಹೂಡಿದ ದಾವೆ ಅದು.

ಹವಾಮಾನದ ವಿಷಯದಲ್ಲಿ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಜಾಗದಲ್ಲಿ ಯಾರಿದ್ದಾರೆ ಎಂದು ಹುಡುಕಿ ನೋಡಿ. ಅಲ್ಲಿರುವುದು ತೈಲ ಕಂಪೆನಿಗಳು. ಅಮೆರಿಕದ ಎಕ್ಸಾನ್ ಕಂಪೆನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಭೂಮಿ ಎಷ್ಟು ಬಿಸಿಯಾದೀತೆಂದು ಲೆಕ್ಕ ಹಾಕುತ್ತಿದ್ದರು. 2023ರಲ್ಲಿ ಆ ಹಳೆಯ ಕಡತಗಳನ್ನು ಪರಿಶೀಲಿಸಿದ ಸಂಶೋಧಕರು ಕಂಡದ್ದೇನೆಂದರೆ, ದಶಕಕ್ಕೆ ಸುಮಾರು 0.2 ಡಿಗ್ರಿ ಎಂದು ಅವರು ಹೇಳಿದ್ದು ಹೆಚ್ಚುಕಡಿಮೆ ಹಾಗೆಯೇ ನಡೆದಿದೆ. ಒಳಗೆ ಇಷ್ಟು ನಿಖರವಾಗಿ ತಿಳಿದಿದ್ದ ಕಂಪೆನಿ ಹೊರಗೆ ‘ಇನ್ನೂ ಸಾಬೀತಾಗಿಲ್ಲ’ ಎಂದು ಜಾಹೀರಾತು ಕೊಡುತ್ತಿತ್ತು. ಈ ವಾಕ್ಯ ನಮಗೆ ಹೊಸದಲ್ಲ. ‘ಸಂಬಂಧ ಸಾಬೀತಾಗಿಲ್ಲ’ ಎಂಬುದನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯವರು ಎಷ್ಟು ಸಲ ಕೇಳಿಲ್ಲ? ಎಂಡೋಸಲ್ಫಾನಿನ ಹೆಸರು ಹೇಳಿ ಹವಾಮಾನ ವಿಜ್ಞಾನವನ್ನು ತಳ್ಳಿಹಾಕುವವರು ತಾವು ಪಡ್ರೆಯವರ ಸಾಲಿನಲ್ಲಿದ್ದೇವೆಂದು ತಿಳಿದಿದ್ದಾರೆ. ಕೂತಿರುವುದು ಮಾತ್ರ ಹೆಲಿಕಾಪ್ಟರಿನ ಒಳಗೆ.

ಹಾಗಾದರೆ ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲೇ ಎಂಬ ಒಮ್ಮತ ಎಲ್ಲಿಂದ ಬಂತು? ನೂರಕ್ಕೆ ತೊಂಬತ್ತೇಳು, ತೊಂಬತ್ತೊಂಬತ್ತು ವಿಜ್ಞಾನಿಗಳು ಒಪ್ಪಿದ್ದಾರೆ ಎಂಬ ಲೆಕ್ಕವನ್ನು ಎದುರಿಗಿಡುವವರಿದ್ದಾರೆ. ನನಗೆ ಆ ಲೆಕ್ಕದ ಮೇಲೆ ಅಷ್ಟು ಪ್ರೀತಿಯಿಲ್ಲ. ಕೈ ಎತ್ತಿಸಿ ಎಣಿಸಿದರೆ ಅದು ಪಂಚಾಯತ್ ಸಭೆಯಂತೆ ಕಾಣುತ್ತದೆ, ಮತ್ತು ಸಭೆಗಳು ತಪ್ಪುವುದುಂಟು ಎಂದು ನಮಗೆ ಗೊತ್ತು. ನೋಡಬೇಕಾದದ್ದು ಅವರು ಯಾಕೆ ಒಪ್ಪಿದರು ಎಂಬುದನ್ನು. ಇಂಗಾಲಾಮ್ಲ ಶಾಖವನ್ನು ಹಿಡಿದಿಡುತ್ತದೆ ಎಂದು ಟಿಂಡಲ್ ಎಂಬವನು 1859ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಆಗ ಪರಿಸರ ಚಳವಳಿಯೂ ಇರಲಿಲ್ಲ, ಅದಕ್ಕೆ ಕೊಡುವ ವಿದೇಶೀ ಹಣವೂ ಇರಲಿಲ್ಲ. ಸ್ವೀಡನ್ನಿನ ಅರ್ಹೇನಿಯಸ್ 1896ರಲ್ಲಿ ಕೈಯಲ್ಲೇ ಲೆಕ್ಕ ಹಾಕಿ, ಈ ಅನಿಲ ದುಪ್ಪಟ್ಟಾದರೆ ಭೂಮಿ ಎಷ್ಟು ಡಿಗ್ರಿ ಬಿಸಿಯಾದೀತೆಂದು ಹೇಳಿದ. 1958ರಿಂದ ಹವಾಯಿಯ ಬೆಟ್ಟದ ಮೇಲೆ ಈ ಅನಿಲವನ್ನು ನಿತ್ಯ ಅಳೆಯುತ್ತಾ ಬಂದಿದ್ದಾರೆ: ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅಂದು 315 ಇದ್ದದ್ದು ಇಂದು 420 ದಾಟಿದೆ.

ಇದು ಸೂರ್ಯನದೇ ಆಟ ಎನ್ನುವವರಿಗೂ ಅಳತೆಯಲ್ಲೇ ಉತ್ತರವಿದೆ. ಸೂರ್ಯನ ಕಾವೇ ಹೆಚ್ಚಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನ ಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಆದರೆ ಕೆಳಗಿನದು ಬಿಸಿಯಾಗುತ್ತಾ ಮೇಲಿನದು ತಣ್ಣಗಾಗುತ್ತಿದೆ, ಶಾಖ ಕೆಳಗೇ ಸಿಕ್ಕಿಬಿದ್ದಿರುವುದರ ಗುರುತು ಅದು. ಹೆಚ್ಚಿದ ಇಂಗಾಲ ಜ್ವಾಲಾಮುಖಿಯದೋ ಕಲ್ಲಿದ್ದಲಿನದೋ ಎಂದು ಕೇಳಿದರೆ ಅದಕ್ಕೂ ಪರೀಕ್ಷೆಯಿದೆ: ನೆಲದಡಿ ಕೋಟ್ಯಂತರ ವರ್ಷ ಕೂತ ಕಲ್ಲಿದ್ದಲಿನ ಇಂಗಾಲದ ಪರಮಾಣುಗಳ ಗುರುತೇ ಬೇರೆ, ಆ ಗುರುತು ಈಗ ಗಾಳಿಯಲ್ಲಿ ಸಿಗುತ್ತಿದೆ. ಪಡ್ರೆಯವರು ಕೇಳಿದ್ದೂ ಇಂಥ ಪರೀಕ್ಷೆಯನ್ನೇ. ನಮ್ಮ ತೋಡಿನಲ್ಲಿರುವುದು ಗುಡ್ಡದ ಮೇಲಿಂದಲೇ ಬಂದದ್ದೆಂದು ತೋರಿಸಿ, ಅಥವಾ ಅಲ್ಲವೆಂದು ತೋರಿಸಿ ಎಂದು.

ನಮ್ಮ ಜನರ ಸಂಶಯಕ್ಕೆ ಇನ್ನೊಂದು ಕಾರಣವಿದೆ, ಅದು ಮಳೆಗಾಲದಲ್ಲಿ ಕಾಣುತ್ತದೆ. ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಮರುದಿನ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಕ್ಕಳು ಗದ್ದೆಯಲ್ಲಿ ಕ್ರಿಕೆಟ್. ನಾಳೆಯ ಮಳೆ ಹೇಳಲಾಗದವರು 2100ರ ಮಳೆ ಹೇಳುತ್ತಾರಂತೆ ಎಂಬ ನಗೆ ಆಗ ಸಹಜವೇ. ಈ ಎಚ್ಚರಿಕೆಗಳು ಹೆಚ್ಚಾಗಿ ಮೊಬೈಲಿಗೆ ತಲುಪುವುದು ಮಲಯಾಳದಲ್ಲಿ, ಕನ್ನಡ ಮಾತ್ರ ಓದುವ ಅಜ್ಜಿಗೆ ಅದನ್ನು ಮೊಮ್ಮಗಳು ಓದಿ ಹೇಳಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ನಾವು ತಿರುವನಂತಪುರದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುತ್ತಾ ಬಂದವರು. ಹಾಗೆ ಕೇಳಿದ ಮಾತಿನ ಮೇಲೆ ಅರ್ಧ ನಂಬಿಕೆ ಮಾತ್ರ ಹುಟ್ಟುತ್ತದೆ. ಇದು ವಿಜ್ಞಾನದ ದೋಷವಲ್ಲ, ಆದರೆ ವಿಜ್ಞಾನ ಸಾರುವವರ ದೋಷ ಹೌದು.

ನಾಳೆ ನಿಮ್ಮ ಅಂಗಳದಲ್ಲಿ ಮಳೆ ಬೀಳುತ್ತದೆಯೇ ಎಂಬುದು ಒಂದು ಪ್ರಶ್ನೆ. ಹತ್ತಿಪ್ಪತ್ತು ವರ್ಷಗಳ ಮಳೆಯ ಚಹರೆ ಬದಲಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಎರಡನೆಯದು ಸುಲಭ. ಅಡಿಕೆ ಕೃಷಿಕರಿಗೆ ಅದು ಗೊತ್ತಿರುವ ವಿದ್ಯೆ: ಯಾವ ಸೋಗೆ ಯಾವಾಗ ಬೀಳುತ್ತದೆಂದು ಹೇಳಲಾಗದಿದ್ದರೂ ಈ ಸಲ ತೋಟಕ್ಕೆ ಎಷ್ಟು ಕೊಳೆ ಬಂದೀತೆಂದು ಅಂದಾಜು ಮಾಡುತ್ತಾರೆ. ಪುಣೆಯ ಹವಾಮಾನ ಸಂಸ್ಥೆ ಮುಂತಾದ ಕಡೆಯ ನಮ್ಮವರೇ ವಿಜ್ಞಾನಿಗಳು 2020ರಲ್ಲಿ ಕೊಟ್ಟ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರೊಳಗೆ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಮೊದಲೆಲ್ಲ ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ. ಆದರೆ ಇದೇ ಸಂಸ್ಥೆಯವರ 2021ರ ಅಧ್ಯಯನದಂತೆ 2001ರಿಂದ 2019ರ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಅದಕ್ಕೂ ಹಿಂದಿನ ಎರಡು ದಶಕಗಳಿಗಿಂತ ಶೇಕಡಾ 52 ಹೆಚ್ಚಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಉಪ್ಪಳದ ಮುಸೋಡಿ ಕಡಪ್ಪುರದಲ್ಲಿ ಎರಡಂತಸ್ತಿನ ಮನೆ ಕುಸಿದು ಕಡಲಿಗೆ ಬಿದ್ದುದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ.

ಹಿರಿಯರ ಒಂದು ಆಕ್ಷೇಪಕ್ಕೆ ಮಾತ್ರ ಮರ್ಯಾದೆ ಕೊಡಬೇಕು. ‘1923ರ ನೆರೆಯಲ್ಲಿ ನೇತ್ರಾವತಿ ಬಂಟ್ವಾಳವನ್ನೇ ಮುಳುಗಿಸಿತ್ತು, 1924ರಲ್ಲಿ ಕೇರಳವಿಡೀ ಮುಳುಗಿತ್ತು, ಆಗ ಎಲ್ಲಿತ್ತು ನಿಮ್ಮ ಹವಾಮಾನ ಬದಲಾವಣೆ?’ ಹೌದು, ಆಗಲೂ ಬಂದಿತ್ತು. ಯಾವುದೇ ಒಂದು ನೆರೆಯನ್ನು ತೋರಿಸಿ ಇದು ಬದಲಾವಣೆಯಿಂದಲೇ ಆದದ್ದು ಎನ್ನುವವರು, ಪಟ್ಟಿಯಲ್ಲಿರುವ ಪ್ರತಿ ರೋಗಿಯನ್ನೂ ತೋರಿಸಿ ಇದು ಎಂಡೋಸಲ್ಫಾನೇ ಎನ್ನುವವರಷ್ಟೇ ದುಡುಕುತ್ತಾರೆ. ವಿಜ್ಞಾನ ಹೇಳುವುದು ಇಷ್ಟು: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರನ್ನು ಹೊರಬಲ್ಲದು, ಸುರಿಯುವಾಗ ಅದೂ ಸೇರಿ ಸುರಿಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿದಾಗ ಆ ದಿನದ ಮಳೆಯನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ತಂಡವೊಂದು ಮನುಷ್ಯರಿಂದಾದ ಬಿಸಿ ಅದನ್ನು ಸುಮಾರು ಶೇಕಡಾ 10ರಷ್ಟು ಹೆಚ್ಚಿಸಿದೆ ಎಂದಿತು. ಪೂರ್ತಿ ಮಳೆಯನ್ನಲ್ಲ, ಹತ್ತು ಶೇಕಡಾ. ಕಲ್ಲುಕೋರೆ, ಕಾಡು ಕಡಿದದ್ದು, ಇಳಿಜಾರಿನಲ್ಲಿ ಕಟ್ಟಿದ್ದು ಇವುಗಳ ಪಾಲನ್ನು ಬೇರೆಯೇ ಲೆಕ್ಕ ಹಾಕಬೇಕು. ಹೀಗೆ ಅಳತೆ ಮಾಡಿ ಪಾಲು ಹಾಕುವವರನ್ನು ನಂಬಬಹುದು.

ವಿಜ್ಞಾನದ ಇನ್ನೊಂದು ಒಮ್ಮತವಾದ ವಿಕಾಸವಾದದ ಮೇಲೂ ಇಲ್ಲಿ ಸಂಶಯವಿದೆ, ಅದರ ಬಣ್ಣ ಬೇರೆ. ಅದಕ್ಕೆ ಎಂಡೋಸಲ್ಫಾನಿನ ನೆಪವೂ ಇಲ್ಲ. 2018ರಲ್ಲಿ ಆಗಿನ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್ ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರೂ ಅಕಾಡೆಮಿಗಳು ಒಟ್ಟಾಗಿ ಅದನ್ನು ಖಂಡಿಸಿದವು. ಐದು ವರ್ಷದ ಬಳಿಕ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆಯಿತು, ಹೊರೆ ಇಳಿಸುವುದಕ್ಕೆಂದು ಹೇಳಿ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡವೆಂದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪುಸ್ತಕವನ್ನೇ ಓದುವವರಾದ್ದರಿಂದ ಅವರಿಗೆ ಹತ್ತನೆಯಲ್ಲಿ ವಿಕಾಸದ ಪಾಠ ಉಳಿದಿದೆ. ಗಡಿ ದಾಟಿದ್ದರಿಂದ ಕನ್ನಡದ ಮಕ್ಕಳಿಗೆ ಆದ ಕೆಲವೇ ಲಾಭಗಳಲ್ಲಿ ಇದೂ ಒಂದು ಎನ್ನಬಹುದೇನೋ.

‘ಮಂಗನಿಂದ ಮನುಷ್ಯನಾದದ್ದಾದರೆ ಈಗಲೂ ಮಂಗಗಳು ಯಾಕೆ ಇವೆ?’ ದೇವಸ್ಥಾನದ ಜಗಲಿಯಲ್ಲೂ ಮಸೀದಿಯ ಅಂಗಳದಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುವ ಪ್ರಶ್ನೆಯಿದು. ಇಷ್ಟು ಒಮ್ಮತ ನಮ್ಮಲ್ಲಿ ಬೇರೆ ವಿಷಯದಲ್ಲಿ ಅಪರೂಪ. ಉತ್ತರ ನಮ್ಮ ತರವಾಡು ಮನೆಗಳಲ್ಲೇ ಇದೆ. ಒಂದು ತರವಾಡಿನಿಂದ ಪಾಲಾಗಿ ಒಂದು ಕವಲು ಪುತ್ತೂರಿಗೆ ಹೋಯಿತು, ಇನ್ನೊಂದು ಕುಂಬಳೆಯಲ್ಲಿ ಉಳಿಯಿತು. ಪುತ್ತೂರಿನವರು ಕುಂಬಳೆಯವರಿಂದ ಹುಟ್ಟಿದವರಲ್ಲ. ಇಬ್ಬರಿಗೂ ಒಬ್ಬಳೇ ಮೂಲದ ಅಜ್ಜಿ. ನಾವೂ ಇಂದಿನ ಮಂಗಗಳೂ ಹಾಗೆ ಒಂದೇ ಹಿರಿಯರ ಎರಡು ಕವಲು.

ಕಣ್ಣಾರೆ ಕಂಡಿಲ್ಲ ಎಂಬುದಕ್ಕೆ ಉತ್ತರ ಇನ್ನೂ ಹತ್ತಿರದಲ್ಲಿದೆ, ತೋಟದಲ್ಲಿ. ಮಹಾಳಿ ಎಂಬ ಕೊಳೆರೋಗಕ್ಕೆ ಅಡಿಕೆ ಕೊನೆಗಳಿಗೆ ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಬಿಡುತ್ತೇವೆ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಹೊತ್ತಿಗೆ ರೂಪುಗೊಂಡ ಈ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಹೇಳಿಕೊಟ್ಟವನು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ನೂರು ವರ್ಷ ಕಳೆದರೂ ಅದು ಕೆಲಸ ಮಾಡುತ್ತಿದೆ. ಆದರೆ ಅದರ ನಂತರ ಬಂದ, ಹೆಚ್ಚು ಬೆಲೆಯ ಎಷ್ಟೋ ಮದ್ದುಗಳು ಕೆಲವೇ ವರ್ಷದಲ್ಲಿ ‘ಹಿಡಿಯದೆ’ ಹೋದವು. ಮಹಾಳಿಯ ರೋಗಾಣುವಿನ ನೆಂಟನಾದ ಆಲೂಗಡ್ಡೆಯ ಅಂಗಮಾರಿಗೆ ಮೆಟಲಾಕ್ಸಿಲ್ ಎಂಬ ಮದ್ದು ಬಂದ ಕೆಲವೇ ವರ್ಷಗಳಲ್ಲಿ, 1980ರ ಹೊತ್ತಿಗೆ, ಐರ್ಲೆಂಡಿನಲ್ಲಿ ಅದು ತಟ್ಟದ ತಳಿ ಹುಟ್ಟಿಕೊಂಡಿತ್ತು.

ಯಾಕೆ ಹೀಗೆ? ಲಕ್ಷಾಂತರ ರೋಗಾಣುಗಳಲ್ಲಿ ಒಂದೆರಡಕ್ಕೆ ಹುಟ್ಟುವಾಗಲೇ ಏನೋ ಚೂರು ವ್ಯತ್ಯಾಸವಿರುತ್ತದೆ. ಹೊಸ ಮದ್ದು ರೋಗಾಣುವಿನ ಒಂದೇ ಜಾಗಕ್ಕೆ ಹೊಡೆಯುವಂಥದ್ದು. ಆ ಜಾಗದಲ್ಲಿ ವ್ಯತ್ಯಾಸವಿದ್ದದ್ದು ಬದುಕಿಕೊಳ್ಳುತ್ತದೆ. ಉಳಿದವು ಸತ್ತು ಜಾಗ ಖಾಲಿಯಾದ್ದರಿಂದ ಅದರ ಸಂತಾನವೇ ತುಂಬಿಕೊಳ್ಳುತ್ತದೆ. ತಾಮ್ರ ಏಕಕಾಲಕ್ಕೆ ಹತ್ತಾರು ಕಡೆ ಹೊಡೆಯುತ್ತದೆ, ಅಷ್ಟೂ ಕಡೆ ಒಟ್ಟಿಗೆ ಬದಲಾಗಿ ಹುಟ್ಟುವ ರೋಗಾಣು ಸಿಗುವುದು ದುರ್ಲಭ. ವ್ಯತ್ಯಾಸ, ಆಯ್ಕೆ, ಸಂತಾನ: ಡಾರ್ವಿನ್ 1859ರಲ್ಲಿ ಹೇಳಿದ್ದು ಇಷ್ಟನ್ನೇ. ಅಷ್ಟೇ ಏಕೆ, ಎಂಡೋಸಲ್ಫಾನನ್ನೇ ಅರಗಿಸಿಕೊಳ್ಳುವ ಹತ್ತಿಯ ಕಾಯಿಕೊರಕ ನಮ್ಮ ದೇಶದ ಹೊಲಗಳಲ್ಲೇ ಹುಟ್ಟಿಕೊಂಡಿತು. ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸಾಕಿದ ಪಾರಿವಾಳಗಳಿಗೆ ದೊಡ್ಡ ಪಾಲು ಕೊಟ್ಟಿದ್ದ. ಅವನು ಕಾಸರಗೋಡಿನವನಾಗಿದ್ದರೆ ತೆಂಗನ್ನು ಆರಿಸುತ್ತಿದ್ದ. ಇಲ್ಲಿ 1916ರಲ್ಲಿ ತೊಡಗಿದ ತೆಂಗಿನ ಸಂಶೋಧನೆ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. 1932ರಲ್ಲಿ ನೀಲೇಶ್ವರದಲ್ಲಿ ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಜಗತ್ತಿನ ಮೊದಲ ತೆಂಗಿನ ಸಂಕರಣ ಮಾಡಿದರು. ಬೀಜಕ್ಕೆ ತಾಯಿಮರ ಆರಿಸುವಾಗ ಒಳ್ಳೆಯ ಗುಣ ಸಸಿಗೆ ಬರುತ್ತದೆಂದು ನಂಬುವ ಕೃಷಿಕ, ಆರಿಸುವ ಕೆಲಸವನ್ನು ಮಳೆ, ಕೀಟ, ಬರಗಳೂ ಮಾಡಬಲ್ಲವು ಎಂದು ಒಪ್ಪಲು ಒಂದೇ ಹೆಜ್ಜೆ ಮುಂದಿಡಬೇಕು. ಆ ಹೆಜ್ಜೆ ಮನುಷ್ಯನವರೆಗೆ ಬಂದಾಗ ಕಾಲು ಹಿಂಜರಿಯುತ್ತದೆ, ಅಷ್ಟೆ. ಹಿಂಜರಿಯಲಿ. ಆದರೆ ಆ ಅಳುಕು ನಂಬಿಕೆಯದು, ಪುರಾವೆಯ ಕೊರತೆಯದಲ್ಲ ಎಂದು ಹೇಳಿಕೊಳ್ಳುವ ಪ್ರಾಮಾಣಿಕತೆ ಇರಬೇಕು.

ಮತ್ತೆ ಹವಾಮಾನಕ್ಕೆ ಬಂದರೆ, ಭಾರತದಲ್ಲಿ ಅದರ ಬದಲಾವಣೆಯನ್ನು ಖಡಾಖಂಡಿತ ಅಲ್ಲಗಳೆಯುವವರು ಅಮೆರಿಕದಷ್ಟು ಇಲ್ಲ. ಯೇಲ್ ವಿಶ್ವವಿದ್ಯಾಲಯ ಸಿ-ವೋಟರ್ ಜೊತೆ ನಡೆಸಿದ ಸಮೀಕ್ಷೆಯ 2022ರ ವರದಿಯಲ್ಲಿ ಶೇಕಡಾ 84 ಮಂದಿ ಭೂಮಿ ಬಿಸಿಯಾಗುತ್ತಿದೆ ಎಂದಿದ್ದರು. ಅದು ಹೆಚ್ಚಾಗಿ ಮನುಷ್ಯರಿಂದಲೇ ಎಂದವರು ಶೇಕಡಾ 57. ಹಾಗಾಗಿ ಹಿಂದಿನ ಸಾಲಿನ ಪ್ರಶ್ನೆಗೆ ನಾನು ಹೆದರುವುದು ಅದರ ಸಂಖ್ಯೆಯಿಂದಲ್ಲ. ಪಡ್ರೆಯವರು ಎರಡು ದಶಕ ಕಷ್ಟಪಟ್ಟು ಗಳಿಸಿದ ಹೆಸರನ್ನು, ಒಂದು ಅಳತೆಯನ್ನೂ ನೋಡದ ಸೋಮಾರಿ ಸಂಶಯಕ್ಕೆ ಬಾಡಿಗೆಗೆ ಕೊಡುವುದನ್ನು ನನ್ನಿಂದ ಸಹಿಸಲಾಗದು.

ದುಡಿಯುವ ಸಂಶಯ ಈಗಲೂ ಇಲ್ಲಿ ಬದುಕಿದೆ. 2000ದಲ್ಲಿ ಹೆಲಿಕಾಪ್ಟರ್ ನಿಂತಾಗ ಮಿಕ್ಕ ಎಂಡೋಸಲ್ಫಾನಿನ ಬ್ಯಾರೆಲುಗಳು ಪ್ಲಾಂಟೇಷನ್ನಿನ ಗೋದಾಮುಗಳಲ್ಲಿ ವರ್ಷಾನುಗಟ್ಟಲೆ ಕೂತಿದ್ದವು. ಒಂದಷ್ಟನ್ನು ಬೆಳ್ಳೂರು ಕಡೆಯ ಮಿಂಚಿನಪದವಿನ ಗೇರುತೋಟದ ಪಾಳುಬಾವಿಯಲ್ಲಿ ಹೂತಿದ್ದಾರೆ ಎಂಬ ದೂರು ಊರಿನವರದು. ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, 2023ರ ಕೊನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಸುತ್ತಲಿನ ಮಣ್ಣು, ನೀರು ತುಂಬಿಕೊಂಡು ಹೋದರು. ಊರಿನವರು ಕೇಳುತ್ತಿರುವುದು ಈಗಲೂ ಅದನ್ನೇ: ಬಾವಿಯ ಒಳಗಿಂದಲೂ ಮಾದರಿ ತೆಗೆಯಿರಿ, ಎಷ್ಟು ಆಳದಿಂದ ತೆಗೆದಿರಿ ಹೇಳಿ, ಫಲಿತಾಂಶವನ್ನು ನಮಗೂ ಕೊಡಿ.